ಅಮಾವಾಸ್ಯೆಯ ದಿನದ ಮದರ್‌ಬೋರ್ಡು

ನಮ್ಮ ಮನೆಯ ಕಂಪ್ಯೂಟರಿನ ಮದರ್‌ಬೋರ್ಡು ಸುಟ್ಟುಹೋದದ್ದು ಅವ್ವನ ಪರೀಕ್ಷೆ ಇನ್ನೇನು ಬಂತು ಎನ್ನುವಾಗ. ಮಳೆಗಾಲಕ್ಕೆ ಮುಂಚಿನ ಅಡ್ಡಮಳೆ, ಒಂದು ಸಿಡಿಲು, ಗೋಡೆಯ ಪ್ಲಗ್ಗಿನಿಂದ ಕಮಟು ವಾಸನೆ, ಅಷ್ಟೇ. ಗ್ರಂಥಾಲಯ ಶಾಸ್ತ್ರದ ಸರ್ಟಿಫಿಕೇಟಿಗಾಗಿ ಅವ್ವ ವರ್ಷವಿಡೀ ಅಡುಗೆಮನೆಯ ಕಟ್ಟೆಗೆ ಪುಸ್ತಕ ಒರಗಿಸಿಕೊಂಡು ಓದಿದ್ದಳು. ಉಳಿದದ್ದು ಕೊನೆಯ ಒಂದೇ ಪೇಪರು. ಮಿರಜಿನ ಒಂದು ಶಾಲೆಯವರು ಗ್ರಂಥಪಾಲಕಿಯ ಜಾಗವನ್ನು ಅವಳಿಗಾಗಿ ಹಿಡಿದಿಟ್ಟಿದ್ದರು. ಈ ಪೇಪರು ತಪ್ಪಿದರೆ ಮತ್ತೆ ಬರೆಯುವುದು ಮುಂದಿನ ವರ್ಷ. ಜಾಗ ಇನ್ನೊಬ್ಬರ ಪಾಲು.

ಪರೀಕ್ಷೆ ಮನೆಯಲ್ಲೇ ಕೂತು ಬರೆಯುವಂಥದ್ದು. ಆದರೆ ಫೋನಿನಲ್ಲಿ ನಡೆಯದು, ನೆಟ್ ಕೆಫೆಯಲ್ಲೂ ನಡೆಯದು. ಕ್ಯಾಮೆರಾ ಇರುವ ಕಂಪ್ಯೂಟರು ಬೇಕು, ಬಾಗಿಲು ಮುಚ್ಚಿದ ಕೋಣೆ ಬೇಕು, ಅದರಲ್ಲಿ ಅವ್ವ ಒಬ್ಬಳೇ ಇರಬೇಕು. ಲ್ಯಾಪ್‌ಟಾಪ್ ಎರವಲು ಕೇಳೋಣವೆಂದರೆ ನನ್ನ ಗೆಳತಿಯರೆಲ್ಲ ಪುಣೆ ಸೇರಿದ್ದಾರೆ, ಲ್ಯಾಪ್‌ಟಾಪುಗಳೂ ಅವರ ಜೊತೆಗೇ ಹೋಗಿವೆ.

ಹಾಗಾಗಿ ಪರೀಕ್ಷೆಯ ದಿನವೇ ಬೆಳಿಗ್ಗೆ ಕಾಕಾ ಮಿರಜಿನ ಅಂಗಡಿಯಿಂದ ಹೊಸ ಬೋರ್ಡು ಹಿಡಿದುಕೊಂಡು ಬಂದರು. ಕಾಕಾ ಎಂದರೆ ಅಪ್ಪನ ತಮ್ಮ. ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಯಂತ್ರದ ಶಾಫ್ಟು ಕಡೆಯುವ ಸಣ್ಣ ಕಾರ್ಖಾನೆ ಅವರದು. ಸ್ಕ್ರೂಡ್ರೈವರು ಹಿಡಿದರೆ ಅವರ ಕೈ ನಡುಗುವುದಿಲ್ಲ. ನಾಲಿಗೆಯೂ ಅಷ್ಟೇ.

"ಬೋರ್ಡ ಕುಂಡ್ರಸ್ತೇನಿ. ಖರೇ ಚಾಲೂ ಮಾಡೂದು ಬ್ಯಾಡ. ಇವತ್ತ ಅಮಾಸಿ ಐತಿ" ಎಂದರು, ಪೆಟ್ಟಿಗೆ ಬಿಚ್ಚುತ್ತಲೇ.

"ಕಾಕಾ, ಪರೀಕ್ಷಾ ಇವತ್ತ ಮಧ್ಯಾಹ್ನ ಮೂರಕ್ಕ ಐತ್ರಿ."

"ಪರೀಕ್ಷಾ ಬರೀಲಿ. ಅದಕ್ಕ ನಾ ಬ್ಯಾಡ ಅಂದೇನಿ?"

"ಮಶೀನ ಚಾಲೂ ಮಾಡದನ ಹೆಂಗ ಬರೀತಾಳ್ರಿ? ಪಾಟಿ ಮ್ಯಾಲೆ?"

"ಹಳೇ ಮಶೀನ ಆಗಿದ್ರ ಅಮಾಸಿ ನಡೀತಿತ್ತು. ಹೊಸಾದು ಮೊದಲನೇ ಸರತಿ ಚಾಲೂ ಮಾಡೂದಕ್ಕ ದಿನಾ ನೋಡಬೇಕ, ವಕೀಲೀಣಬಾಯಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಮರಾಠಿಯಲ್ಲಿ ವಾದಿಸಲು ಶುರುಮಾಡಿದ ದಿನದಿಂದ ಅವರು ನನ್ನನ್ನು ಕರೆಯುವುದೇ ಹಾಗೆ. ನಾನೂ ಸುಮ್ಮನಿರಲಿಲ್ಲ. ಮದರ್‌ಬೋರ್ಡಿನ ಯಾವ ಬಿಡಿಭಾಗಕ್ಕೆ ಚಂದ್ರ ಕಾಣುತ್ತಾನೆ ಎಂದು ಕೇಳಿದೆ. ಅದನ್ನು ತಯಾರಿಸಿದ ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಆಗಲೇ ಒಮ್ಮೆ ಚಾಲೂ ಮಾಡಿರುತ್ತಾರೆ, ಆ ದಿನದ ಪಂಚಾಂಗ ನಿಮ್ಮ ಹತ್ತಿರ ಇದೆಯೇ ಎಂದೂ ಕೇಳಿದೆ. ಕಾಕಾ ಒಂದು ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡು ಕೂತರು. ಬಾಯಲ್ಲಿ ಸ್ಕ್ರೂ ಇದ್ದರೆ ಉತ್ತರ ಕೊಡಬೇಕಾಗಿಲ್ಲ.

ಸಿಡಿಲಿಗೆ ಕ್ಯಾಮೆರಾ ಕೂಡ ಹೋಗಿತ್ತು; ಅದನ್ನು ತರಲು ನಾನು ಮಿರಜಿಗೆ ಹೋದೆ. ಅಂಗಡಿಯವನು ಮೂರು ಬಗೆಯ ಕ್ಯಾಮೆರಾ ತೋರಿಸಿ, ಮೂರೂ ಒಂದೇ ಎಂದು ಹೇಳಿ, ಯಾವುದು ಬೇಕು ಎಂದು ಕೇಳಿದ. ವಾಪಸು ಬರುವಾಗ ವಿಶ್ರಾಮಬಾಗದ ಹತ್ತಿರ ಬಸ್ಸು ಎತ್ತಿನಗಾಡಿಗಳ ಹಿಂದೆ ಸಿಕ್ಕಿಬಿತ್ತು. ಮನೆ ಸೇರುವಾಗ ಊಟದ ಹೊತ್ತು.

ಬಂದು ನೋಡಿದರೆ ಕಂಪ್ಯೂಟರು ಚಾಲೂ ಇತ್ತು. ಡಬ್ಬಿಯ ಮೇಲೆ ಕುಂಕುಮದ ಸ್ವಸ್ತಿಕ, ನಾಲ್ಕು ಅಕ್ಷತೆ ಕಾಳು, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಕಾಕಾ ಕೈ ಒರೆಸಿಕೊಳ್ಳುತ್ತಿದ್ದರು.

"ಚಾಲೂ ಆತು ನೋಡ. ಒಂದ ಹೊಡತಕ್ಕ."

"ಮತ್ತ ಅಮಾಸಿ?"

"ಅದರ ವ್ಯವಸ್ಥಾ ಮಾಡೇನಿ" ಎಂದು ಕಾಯಿಯ ಒಂದು ಹೋಳು ನನ್ನ ಕೈಗಿಟ್ಟು, ಬೈಕು ಹತ್ತಿ ಕುಪವಾಡಕ್ಕೆ ಹೋದರು.

ವ್ಯವಸ್ಥೆ ಎಂದರೆ ಈ ಕುಂಕುಮ, ಈ ಕಾಯಿ ಎಂದುಕೊಂಡೆ. ವಾದದಲ್ಲಿ ಗೆದ್ದೆನೆಂದೂ ಅಂದುಕೊಂಡೆ. ಗೆದ್ದವರು ಎದುರಾಳಿಯನ್ನು ಮರುಪ್ರಶ್ನೆ ಕೇಳುವುದಿಲ್ಲ, ನಾನೂ ಕೇಳಲಿಲ್ಲ.

ಕ್ಯಾಮೆರಾ ಜೋಡಿಸಿ ಪರೀಕ್ಷೆಯ ತಂತ್ರಾಂಶ ತೆರೆದೆ. ಒಂದು ಚಕ್ರ ತಿರುಗಿತು, ತಿರುಗಿತು, ಆಮೇಲೆ ಕೆಂಪು ಅಕ್ಷರದಲ್ಲಿ: ಸುರಕ್ಷಿತ ಸಂಪರ್ಕ ದೊರೆಯಲಿಲ್ಲ, ನಿಮ್ಮ ವ್ಯವಸ್ಥೆಯನ್ನು ಪರಿಶೀಲಿಸಿ. ಯಾವ ವ್ಯವಸ್ಥೆ? ಯಾರದು? ಹೇಳುವುದಿಲ್ಲ. ಇಂಟರ್ನೆಟ್ಟು ಸರಿ ಇತ್ತು. ಸುದ್ದಿ ಬರುತ್ತಿತ್ತು, ಹವಾಮಾನ ಬರುತ್ತಿತ್ತು, ಯಾರೋ ಮಾವಿನ ಉಪ್ಪಿನಕಾಯಿ ಹಾಕುವ ವಿಡಿಯೋ ಕೂಡ ಬರುತ್ತಿತ್ತು. ಬರದಿದ್ದದ್ದು ಅವ್ವನ ಪರೀಕ್ಷೆ ಒಂದೇ.

ನನ್ನ ತರ್ಕ ಹೀಗೆ ಹೋಯಿತು: ಕಂಪ್ಯೂಟರಿನಲ್ಲಿ ಬದಲಾದದ್ದು ಬೋರ್ಡು ಮಾತ್ರ. ಆದ್ದರಿಂದ ತಪ್ಪು ಬೋರ್ಡಿನ ಹೊಂದಾಣಿಕೆಯಲ್ಲೇ ಇರಬೇಕು, ಅಂದರೆ ಬಯೋಸಿನಲ್ಲಿ. ಕಂಪ್ಯೂಟರು ಏಳುವಾಗ ಡಿಲೀಟ್ ಕೀಲಿ ಒತ್ತಿದರೆ ಬರುವ ನೀಲಿ ಪುಟಗಳು ಅವು. ವಿಂಡೋಸ್ ಕಣ್ಣು ಬಿಡುವ ಮೊದಲೇ ಬೋರ್ಡು ಏನೇನು ಮಾಡಬೇಕೆಂದು ಅಲ್ಲಿ ಹೇಳಿರುತ್ತದೆ. ಒಳಹೊಕ್ಕೆ. ಸೆಕ್ಯೂರ್ ಬೂಟ್ ಎಂಬ ಸಾಲಿನ ಎದುರು ಆಫ್ ಎಂದಿತ್ತು. ಸುರಕ್ಷಿತ ಸಂಪರ್ಕ ಇಲ್ಲ, ಸುರಕ್ಷಿತ ಬೂಟ್ ಇಲ್ಲ. ಇದಕ್ಕಿಂತ ಸಾಕ್ಷಿ ಬೇಕೆ?

ಆನ್ ಮಾಡಲು ಹೋದರೆ ಆ ಸಾಲು ಮಸುಕಾಗಿ ಕೂತಿತ್ತು, ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಇನ್ನೊಂದು ಪುಟದಲ್ಲಿರುವ ಹಳೆಯ ಪದ್ಧತಿಯ ಬೂಟ್ ಮುಚ್ಚಬೇಕಂತೆ. ಮುಚ್ಚಿದೆ. ಸೆಕ್ಯೂರ್ ಬೂಟ್ ಆನ್ ಆಯಿತು. ಉಳಿಸಿ ಹೊರಬಂದೆ. ಕಪ್ಪು ಪರದೆ, ಅದರ ಮೇಲೆ, ಬೂಟ್ ಮಾಡುವ ಸಾಧನ ಸಿಗಲಿಲ್ಲ. ನಮ್ಮ ಹಾರ್ಡ್ ಡಿಸ್ಕು ಹಳೆಯ ಪದ್ಧತಿಯದು; ಆ ಪದ್ಧತಿ ಮುಚ್ಚಿದರೆ ಡಿಸ್ಕು ಬೋರ್ಡಿನ ಕಣ್ಣಿಗೇ ಬೀಳುವುದಿಲ್ಲ.

ಅವ್ವ ಕೈಯಲ್ಲಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮದಲ ಕೆಂಪ ಅಕ್ಷರನರ ಬರ್ತಿದ್ದು. ಈಗ ಅವೂ ಹೋದೂ ಏನ?"

"ಅವ್ವಾ, ನೀ ಓದ."

"ಎಲ್ಲಿ ಓದಲಿ? ನೀ ಹಲ್ಲ ಕಡಿಯೂ ಸಪ್ಪಳ ಅಡಿಗಿಮನಿತನಾ ಕೇಳತೈತಿ."

ಮತ್ತೆ ಡಿಲೀಟ್ ಕೀಲಿ. ಬೇಗ ಒತ್ತಿದರೆ ಗಮನಿಸುವುದಿಲ್ಲ, ತಡವಾಗಿ ಒತ್ತಿದರೆ ಅದೇ ಕಪ್ಪು ಪರದೆ. ಬದಲಾಯಿಸಿದ್ದನ್ನೆಲ್ಲ ಹಿಂದಕ್ಕೆ ತಂದೆ. ಡಿಸ್ಕು ಬಂತು, ಕೆಂಪು ಅಕ್ಷರವೂ ಬಂತು. ಸಹಾಯವಾಣಿಗೆ ಕರೆ ಮಾಡಿದೆ. ನಿಮ್ಮ ಕರೆ ನಮಗೆ ಮಹತ್ವದ್ದು ಎಂದು ಹಿಂದಿಯಲ್ಲಿ ಹೇಳಿ ಕೊಳಲು ಊದಿದರು. ಜಾಲದಲ್ಲಿ ಹುಡುಕಿದೆ, ಒಬ್ಬ ಇದನ್ನು ಆನ್ ಮಾಡು ಎನ್ನುತ್ತಾನೆ, ಅವನ ಕೆಳಗೇ ಇನ್ನೊಬ್ಬ ಆನ್ ಮಾಡಿದ್ದರಿಂದಲೇ ಕೆಟ್ಟಿತು ಎಂದು ಅಳುತ್ತಾನೆ. ಭದ್ರತೆಯ ಚಿಪ್, ಮೆಮೊರಿಯ ವೇಗ, ನೆಟ್‌ವರ್ಕ್ ಕಾರ್ಡು, ಹೀಗೆ ಒಂದೊಂದನ್ನೇ ಬದಲಾಯಿಸಿ ಪ್ರತಿ ಸಲ ಮರುಚಾಲೂ ಮಾಡಿದೆ. ಪ್ರತಿ ಸಲವೂ ಅದೇ ಉತ್ತರ. ಸ್ಪರ್ಧೆಯಲ್ಲಿ ಇಂಥ ಎದುರಾಳಿ ಸಿಕ್ಕಿದ್ದರೆ ತೀರ್ಪುಗಾರರಿಗೆ ದೂರು ಕೊಡಬಹುದಿತ್ತು.

ಕೊನೆಗೆ ಕಾಕಾನಿಗೆ ಫೋನು ಮಾಡಿದೆ. ಹಿಂದೆ ಕಾರ್ಖಾನೆಯ ಲೇಥು ಯಂತ್ರ ಕಿರುಚುತ್ತಿತ್ತು.

"ಕಾಕಾ, ಬಯೋಸಿನ್ಯಾಗ ಏನರ ಮುಟ್ಟೀರೇನ್ರಿ?"

"ಏನೂ ಮುಟ್ಟಿಲ್ಲ. ತಾರೀಖ ಅಷ್ಟ ಹಾಕೇನಿ."

"ತಾರೀಖ ಹಾಕೂದು ಬರೋಬರ ಆತು. ಹೊಸಾ ಬೋರ್ಡಿನ್ಯಾಗ ಹಾಕಾಕ ಬೇಕ. ಬ್ಯಾರೆ ಏನು?"

"ಬ್ಯಾರೆ ಏನೂ ಇಲ್ಲ. ವಹಿನಿ ಲಾಗಿನ್ ಆದ್ಲೇನ?"

"ಇಲ್ರಿ, ಅವ್ವಗ ಇನ್ನೂ ಆಗಿಲ್ಲ!" ಎಂದು ಫೋನು ಇಟ್ಟೆ. ನಾನು ಕೇಳಿದ್ದಕ್ಕೆ ಕಾಕಾ ಸತ್ಯವನ್ನೇ ಹೇಳಿದ್ದರು. ನಾನೇ ಅದಕ್ಕೆ ಶಹಬ್ಬಾಸ್ ಕೊಟ್ಟು ಮುಂದೆ ಹೋದೆ.

ಮೂರು ಗಂಟೆಗೆ ಸ್ವಲ್ಪವೇ ಉಳಿದಿತ್ತು. ತಡವಾದರೆ ಒಳಬಿಡುವುದಿಲ್ಲ ಎಂದು ಪ್ರವೇಶಪತ್ರದಲ್ಲೇ ಬರೆದಿತ್ತು. ಅವ್ವ ಓದುವುದನ್ನು ಬಿಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. ಬೈಯಲಿಲ್ಲ. ಅದೇ ಭಯ ಹುಟ್ಟಿಸಿತು. ನಾನು ಮತ್ತೊಮ್ಮೆ ಬಯೋಸಿಗೆ ಹೊಕ್ಕು, ಮೊದಲ ಪುಟ ದಾಟಿ ಒಳಪುಟಕ್ಕೆ ಹೋಗುವ ಕೀಲಿ ಒತ್ತಲಿದ್ದೆ. ಅವ್ವ ಕನ್ನಡಕ ಏರಿಸಿಕೊಂಡು ಪರದೆಯ ಮೂಲೆಗೆ ಬೆರಳಿಟ್ಟಳು.

"ಇದು ಅಕ್ಷಯ ತೃತೀಯಾದ ತಾರೀಖ ಅಲ್ಲಾ?"

"ಏನು?"

"ಹೋದ ತಿಂಗಳದ್ದ. ಬಸ್ತಿಯಾಗ ಕಬ್ಬಿನ ಹಾಲ ಕುಡದ ಉಪಾಸ ಬಿಟ್ಟ ದಿನಾ. ನನಗ ಗೊತ್ತಿಲ್ಲೇನ?"

ನಾವು ಜೈನರು, ಅಕ್ಷಯ ತೃತೀಯದಂದು ಬಸದಿಯಲ್ಲಿ ಕಬ್ಬಿನ ಹಾಲು ಕುಡಿದೇ ಉಪವಾಸ ಬಿಡುವುದು. ಗಂಟೆ ನಿಮಿಷ ಎಲ್ಲ ಸರಿಯಿತ್ತು. ತಾರೀಖು ಮಾತ್ರ ಒಂದು ತಿಂಗಳು ಹಿಂದಿನದು.

ಆಗ ಹೊಳೆಯಿತು. ಕಾಕಾನ ಕಾರ್ಖಾನೆಯಲ್ಲಿ ಹೊಸ ಯಂತ್ರ ಯಾವ ದಿನ ಬಂದರೂ ಅದರ ಮೊದಲ ಚಾಲೂ ಸಾಡೇತೀನ್ ಮುಹೂರ್ತದಲ್ಲೇ ಆಗಬೇಕು, ಎಂದರೆ ಪಂಚಾಂಗ ನೋಡಬೇಕಿಲ್ಲದ ಆ ಮೂರೂವರೆ ಶುಭದಿನಗಳಲ್ಲಿ. ಮುಹೂರ್ತಕ್ಕೆ ಕಾಯುವಷ್ಟು ಪುರುಸೊತ್ತು ಕುಪವಾಡದಲ್ಲಿ ಯಾರಿಗಿದೆ? ಹಾಗಾಗಿ ಯಂತ್ರದ ಗಡಿಯಾರದಲ್ಲೇ ಶುಭದಿನ ಹಾಕಿ ಗುಂಡಿ ಒತ್ತುತ್ತಾರೆ. ಲೇಥಿಗೆ ಅದರಿಂದ ಏನೂ ಆಗುವುದಿಲ್ಲ, ಅದು ಯಾರ ಜೊತೆಗೂ ಮಾತಾಡುವುದಿಲ್ಲ. ಪರೀಕ್ಷೆಯ ತಾಣ ಹಾಗಲ್ಲ. ತಾನು ಅಸಲಿ ಎನ್ನಲು ಅದು ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ, ಅದಕ್ಕೊಂದು ಆರಂಭದ ದಿನ ಇರುತ್ತದೆ. ಆ ಪತ್ರ ಈ ತಿಂಗಳದ್ದು. ಹೋದ ತಿಂಗಳಲ್ಲಿ ಕೂತಿದ್ದ ನಮ್ಮ ಕಂಪ್ಯೂಟರಿನ ಪಾಲಿಗೆ ಅದು ಇನ್ನೂ ಹುಟ್ಟಿರಲೇ ಇಲ್ಲ. ಹಳೆಯ ಪತ್ರಗಳಿದ್ದ ಉಪ್ಪಿನಕಾಯಿಯ ತಾಣಗಳೆಲ್ಲ ಆರಾಮಾಗಿ ತೆರೆದುಕೊಂಡಿದ್ದು ಅದಕ್ಕೇ.

ತಾರೀಖು ತಿದ್ದಿದೆ. ಚಕ್ರ ತಿರುಗಿತು. ಅವ್ವನ ಮುಖ ಪರದೆಯ ಮೇಲೆ ಮೂಡಿತು, ಹೆಸರು ಮೂಡಿತು, ಒಳಗೆ ಬಿಟ್ಟರು.

"ಹೊರಗ ಹೋಗ" ಎಂದಳು ಅವ್ವ, ತಲೆ ಎತ್ತದೆ.

ಬಾಗಿಲು ಎಳೆದುಕೊಂಡು ಬಂದರೆ ಅಂಗಳದಲ್ಲಿ ಕಾಕಾ ಬೈಕು ನಿಲ್ಲಿಸುತ್ತಿದ್ದರು. ಫೋನಿನಲ್ಲಿ ನನ್ನ ದನಿ ಕೇಳಿ ತಡೆಯಲಾಗದೆ ಬಂದಿದ್ದರು. ನನ್ನ ಬಾಯಿಗೆ ಇಷ್ಟು ಹೊತ್ತಿನ ಸಿಟ್ಟೆಲ್ಲ ಒಟ್ಟಿಗೆ ಬಂತು. ಆದರೆ ಕೋಣೆಯಲ್ಲಿ ಇನ್ನೊಬ್ಬರ ದನಿ ಕೇಳಿದರೆ ಪರೀಕ್ಷೆ ಅಲ್ಲಿಗೇ ರದ್ದು, ಕಿಟಕಿ ಇರುವುದು ಅಂಗಳದ ಕಡೆಗೇ. ನಾನು ತುಟಿಯ ಮೇಲೆ ಬೆರಳಿಟ್ಟು, ಅವರ ತೋಳು ಹಿಡಿದು ಗೇಟಿನಾಚೆ ಎಳೆದುಕೊಂಡು ಹೋದೆ.

"ಅಕ್ಷಯ ತೃತೀಯಾ ಹಾಕಿದ್ರಿ?" ಎಂದು ಪಿಸುಗುಟ್ಟಿದೆ. ಪಿಸುಮಾತಿನಲ್ಲಿ ಬೈಯುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

"ಹೂಂ. ಯಾಕ?"

"ತಾರೀಖ ಹಿಂದ ಹಾಕಿದ್ರ ಚಂದ್ರ ಹಿಂದ ಹೋಗ್ತಾನೇನ್ರಿ?"

"ಚಂದ್ರಗ ಅಲ್ಲವಾ, ಮಶೀನಿಗೆ. ಅದು ಹುಟ್ಟಿದ ದಿನಾ ಅದಕ್ಕ ಚಲೋ ಇರಬೇಕ."

"ಮಶೀನಿಗೆ ಚಲೋ ಆತು, ಅವ್ವನ ಪರೀಕ್ಷಾ ಹೋಗ್ತಿತ್ತು!" ಎಂದು ಏನೇನು ಆಯಿತೆಂದು ಹೇಳಿದೆ.

ಕಾಕಾನ ಬಳಿ ಇದಕ್ಕೆ ಉತ್ತರ ಇದ್ದೇ ಇರುತ್ತದೆ, ನಾನು ಅದಕ್ಕೆ ತಯಾರಾಗಿ ನಿಂತೆ. ಆದರೆ ಅವರು ರುಮಾಲಿನಿಂದ ಕುತ್ತಿಗೆ ಒರೆಸಿಕೊಂಡು ಕಿಟಕಿಯ ಕಡೆ ನೋಡುತ್ತ ನಿಂತರು.

"ಈಗ ಬರೀಲಿಕ್ಕತ್ಯಾಳಲ್ಲಾ?"

"ಬರೀಲಿಕ್ಕತ್ಯಾಳ್ರಿ."

"ಆಕಿ ಪೇಪರ ಹೋಗಿದ್ರ ನಾ ಮತ್ತ ಈ ಗೇಟ ದಾಟತಿದ್ದಿಲ್ಲ" ಎಂದರು. ಎದುರಾಳಿ ಹೀಗೆ ಶಸ್ತ್ರ ಕೆಳಗಿಟ್ಟರೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಇಬ್ಬರೂ ಬೇಲಿಯ ನೆರಳಿನಲ್ಲಿ ಕೂತೆವು. ತರಕಾರಿ ಗಾಡಿಯವನು ಕೂಗುತ್ತ ಬಂದಾಗ ಕಾಕಾ ಓಡಿಹೋಗಿ ಅವನ ಬಾಯಿ ಮುಚ್ಚಿಸಿದರು, ಬದಲಿಗೆ ಬೇಡದ ಬದನೆಕಾಯಿ ಕೊಂಡು ಬಂದರು.

ಪರೀಕ್ಷೆ ಮುಗಿದು ಅವ್ವ ಹೊರಬಂದಾಗ ಬೆರಳು ನೀವಿಕೊಳ್ಳುತ್ತಿದ್ದಳು. "ಎಲ್ಲಾ ಬರದೇನಿ" ಎಂದಳು.

ಕಾಕಾ ಎದ್ದು ನಿಂತರು. ಮುಖದ ಬಣ್ಣವೂ ಮರಳಿತು, ನಾಲಿಗೆಯೂ. "ನೋಡ ವಕೀಲೀಣಬಾಯಿ! ಮೊದಲನೇ ಚಾಲೂ ಅಕ್ಷಯ ತೃತೀಯಾಕ್ಕ ಆಗಿತ್ತು, ಅದಕ್ಕ..."

"ಕಾಕಾ, ನಾ ತಾರೀಖ ತಿದ್ದಿದ್ದಕ್ಕ..."

"ಓದಿದಾಕಿ ನಾ" ಎಂದಳು ಅವ್ವ. "ಭಾವೂಜಿ, ಗಾಡಿ ತಗೀರಿ. ಸಾಲಿ ಆಫೀಸ ಮುಚ್ಚೂದರಾಗ ಮಿರಜಿಗೆ ಹೋಗಿ, ಪೇಪರ ಮುಗೀತು ಅಂತ ಹೇಳಿ ಬರೂಣು."

"ಇವತ್ತ ಅಮಾಸಿ ಐತಿ ವಹಿನಿ, ನಾಳೆ ಮುಂಜಾನೆ..."

ಅವ್ವ ಆಗಲೇ ಚಪ್ಪಲಿ ಮೆಟ್ಟಿ ಬೈಕಿನ ಹತ್ತಿರ ನಿಂತಿದ್ದಳು.