ರಹಿಮಾನಸಾಬರು ಸುತ್ತಿದ ಕಾಯಿಲ್

ಮುನವಳ್ಳಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೋಟರ್ ವೈಂಡಿಂಗ್ ಅಂಗಡಿಯ ಶಟರ್ ಅರ್ಧ ಎತ್ತಿದೆ. ಒಳಗೆ ಸುಟ್ಟ ಪಂಪುಗಳ ನಡುವೆ ಮೂವತ್ತೆರಡರ ವಾಸೀಮ್ ಕಪ್ಪು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಆಂಪ್ಲಿಫೈಯರ್ ಪೆಟ್ಟಿಗೆ ಗೋಡೆಗೆ ಮುಖ ಮಾಡಿದೆ. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ಸ್ವಿಚ್ ಹಾಕುತ್ತಾನೆ. ತಂತಿ ಇನ್ನೂ ಮುಟ್ಟಿಲ್ಲ. ಪೆಟ್ಟಿಗೆಯೊಳಗಿಂದ ಯಾರೋ ಗಂಟಲು ಸರಿಮಾಡಿಕೊಂಡಂಥ ಸದ್ದು.

ಅವನ ಬಗ್ಗೆ ಬರೆಯಲು ಬಂದಿರುವ ನಾನು ಹಿಂತಿರುಗಿ ನೋಡುತ್ತೇನೆ. ಬಾಗಿಲಲ್ಲಿ ಯಾರೂ ಇಲ್ಲ.

“ಅಂಜಬ್ಯಾಡ್ರಿ ಅಮ್ಮಾರ. ಗಿಟಾರಿನ ಕಾಯಿಲ್ ಸಡ್ಲ ಐತಿ, ಸುತ್ತಲಿನ ಸಪ್ಪಳ ಎಲ್ಲಾ ಹಿಡಕೊಂತೈತಿ.”

ಇಷ್ಟು ಹೇಳಿ ವಾಸೀಮ್ ನುಡಿಸುತ್ತಾನೆ. ಹೆವಿ ಮೆಟಲ್. ದಪ್ಪ ತಂತಿಯ ಶ್ರುತಿಯನ್ನು ಇನ್ನಷ್ಟು ತಗ್ಗಿಸಿ, ಅಂಗೈ ಅಂಚಿನಿಂದ ಅದುಮಿ, ಮೇಲಿಂದ ಕೆಳಕ್ಕಷ್ಟೇ ಬಾರಿಸುತ್ತಾನೆ. ರಾಮದುರ್ಗದ ಮಗ್ಗಗಳ ಓಟ ಅದಕ್ಕೆ. ಹಗಲಿಗೆ ನಾಲ್ಕು ಮೋಟರ್ ಸುತ್ತುವ ಈ ಕೈ ಹನ್ನೊಂದು ವರ್ಷಗಳಿಂದ ಧಾರವಾಡದ ತಂಡವೊಂದರಲ್ಲಿದೆ. ಅರವತ್ತು ಕಾರ್ಯಕ್ರಮ ಕಂಡಿದೆ.

“ಏನಪಾ, ಮತ್ತೊಂದು ಮೋಟರ್ ಸುಟ್ಟತೇನ?” ಚಹಾದಂಗಡಿಯ ಸತ್ಯಪ್ಪ ಹೊರಗಿನಿಂದ ಕೇಳುತ್ತಾನೆ. ಕೇಳಿದವನೇ ಚಹಾ ಆರದಂತೆ ಗ್ಲಾಸಿನ ಮೇಲೆ ಬಸಿ ಮುಚ್ಚಿಟ್ಟು, ನುಡಿಸುವುದು ಮುಗಿಯುವವರೆಗೆ ಶಟರ್ ತಟ್ಟದೆ ನಿಲ್ಲುತ್ತಾನೆ.

ತಂತಿಗಳ ಕೆಳಗೆ ಕೂತು ಸದ್ದು ಹಿಡಿಯುವ ಈ ಕಾಯಿಲನ್ನು ಸುತ್ತಿದವರು ವಾಸೀಮನ ತಂದೆ ರಹಿಮಾನಸಾಬ. ಮೂರು ವರ್ಷದ ಹಿಂದೆ, ಹಾಸಿಗೆ ಹಿಡಿದಾಗ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಏಳು ಸಾವಿರ ಸುತ್ತು, ಒಂದೊಂದೂ ಬಾಯಲ್ಲಿ ಎಣಿಸುತ್ತ ಸುತ್ತಿದರು. ಸುತ್ತಿದ ಕಾಯಿಲಿಗೆ ವಾರ್ನಿಷ್ ಕುಡಿಸಬೇಕು; ಆಗ ಎಳೆ ಅಲುಗುವುದಿಲ್ಲ. ಅದಕ್ಕೆ ಮೊದಲೇ ತೀರಿಕೊಂಡರು.

ಬರುವ ವಾರ ಬೆಳಗಾವಿಯಲ್ಲಿ ತಂಡದ ಮೊದಲ ರೆಕಾರ್ಡಿಂಗ್. ಡ್ರಮ್ ಬಾರಿಸುವ ಗೌರೀಶ ಖಡಕ್ಕಾಗಿ ಹೇಳಿದ್ದಾನೆ: “ನಿನ್ನ ಕಾಯಿಲ್ ಕಿರಚತೈತಿ. ವಾರ್ನಿಷ್ ಹಾಕು, ಇಲ್ಲಂದ್ರ ಬ್ಯಾರೆ ಗಿಟಾರ್ ತಾ.” ಹಾಕಿದರೆ ಆ ಸದ್ದುಗಳೆಲ್ಲ ನಿಲ್ಲುತ್ತವೆ. ಅದಕ್ಕೇ ವಾಸೀಮ್ ಇನ್ನೂ ಹಾಕಿಲ್ಲ. ಅವನ ತಾಯಿ ಹಸೀನಾಬಿ ದಿನಾ ನಸುಕಿಗೆ ಬಂದು ಆ ಪೆಟ್ಟಿಗೆಯ ಪಕ್ಕ ಕೂರುತ್ತಾರೆ.

ಇಂದೂ ಬಂದಿದ್ದಾರೆ. ಗಿಟಾರಿನ ಹತ್ತಿರ ಬಾಗಿ ಮೆಲ್ಲಗೆ, ಗಂಡನನ್ನು ಕೇಳುವಂತೆ, “ನಿದ್ದಿ ಆತೇನ್ರಿ?” ಅನ್ನುತ್ತಾರೆ. ಪೆಟ್ಟಿಗೆಯಿಂದ ಅವರದೇ ಮಾತು ತೆಳ್ಳಗೆ ಹೊರಬರುತ್ತದೆ. ಒಂದು ಉಸಿರಿನಷ್ಟು ಬಿಡುವು. ಆಮೇಲೊಂದು ಕೆಮ್ಮು. ವಾಸೀಮನ ಕೈಗಳು ಮಡಿಲಲ್ಲಿವೆ. ಕೆಮ್ಮಿದ್ದು ನಮ್ಮ ಮೂವರಲ್ಲಿ ಯಾರೂ ಅಲ್ಲ.

ಹಸೀನಾಬಿ ಎದ್ದು ಹಲಗೆಯ ಮೇಲಿನ ವಾರ್ನಿಷ್ ಡಬ್ಬಿ ಇಳಿಸಿ ಮಗನ ಮುಂದಿಡುತ್ತಾರೆ.

“ಒಂದ್ ಮೋಟರೂ ಅವರು ಅರ್ಧಕ್ಕ ಬಿಟ್ಟವರಲ್ಲ. ಇದನ್ಯಾಕ ಬಿಡೂದು? ಹಾಕು.”

“ಅಮ್ಮೀ, ಆಮ್ಯಾಲೆ ಕೇಳಸೂದಿಲ್ಲ.”

“ಗೊತ್ತೈತಿ.”

ಸ್ವಿಚ್ ಆರಿಸಿ, ಕಾಯಿಲ್ ಬಿಚ್ಚಿ, ವಾಸೀಮ್ ಕುಂಚವನ್ನು ಅದ್ದುತ್ತಾನೆ. ತಾಯಿ ಡಬ್ಬಿಯನ್ನು ಹತ್ತಿರ ಹಿಡಿಯುತ್ತಾರೆ. ಹೊರಗೆ ಬೆಳಗಾಗಿದೆ. ಬೆಳಗಾವಿಯಲ್ಲಿ ಏನಾಗಬೇಕೆಂದು ಆಸೆ ಎಂದು ಕೇಳುತ್ತೇನೆ.

“ಹಾಡ ಛಲೋ ಬಂದೈತಿ ಅನ್ನೂದು ಬ್ಯಾಡ್ರಿ ಅಮ್ಮಾರ. ಈ ಕಾಯಿಲ್ ಯಾರು ಸುತ್ತಿದ್ದು ಅಂತ ಒಬ್ಬರು ಕೇಳಿದ್ರ ಸಾಕು.”