ಆಳಿನ ಕೋಣೆಯ ಕಿಟಕಿ

ಆ ನಕ್ಷೆ ಬಿಡಿಸಿದಾಗಲೆಲ್ಲ ಹಯಗ್ರೀವನಿಗೆ ವಾಕರಿಕೆ ಬರುತ್ತಿತ್ತು. ಬೆವರು ಸುರಿಯುವ ಸಿಂಗಪುರಕ್ಕೆ ಚಿಮಣಿಯಂತೆ! ಅದೂ ಕೆಳಗೆ ಒಲೆಯೇ ಇಲ್ಲದ, ಕಾಕಿ ಬುಕಿತ್ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಫೈಬರ್‌ಗ್ಲಾಸಿನಿಂದ ಮಾಡಿ ಇಟ್ಟಿಗೆ ಬಣ್ಣ ಬಳಿದ ಚಿಮಣಿ. ಆ ಊರಲ್ಲಿ ದುಡ್ಡು ಉಕ್ಕುತ್ತಿದ್ದ 2005ರ ಕಾಲ. ಬಿಲ್ಡರ್‌ಗೆ ಇಂಗ್ಲಿಷರ ಹಳ್ಳಿಬಂಗಲೆಯಂತೆ ಕಾಣುವ ಕಾಂಡೊ, ಅಂದರೆ ಸಿರಿವಂತರ ಅಪಾರ್ಟ್‌ಮೆಂಟು, ಬೇಕಿತ್ತು. ಹೊರಗೆ ಥಳಕು, ಒಳಗೆ ಹುಳುಕು.

ಮೈಸೂರಿನ ಈ ಆರ್ಕಿಟೆಕ್ಟ್ ಅಸಲಿ ಬಂಗಲೆಯನ್ನೇ ಕಂಡವನು. ಓದುವಾಗ ಸ್ಕಾಲರ್‌ಶಿಪ್ಪಿನಲ್ಲಿ ಇಂಗ್ಲೆಂಡಿಗೆ ಹೋಗಿ ಹತ್ತೊಂಬತ್ತನೆಯ ಶತಮಾನದ ಅಂಥದೊಂದು ಮನೆಯನ್ನು ಟೇಪು ಹಿಡಿದು ಅಳೆದಿದ್ದ. ಹತ್ತಿ ಗಿರಣಿಯ ಧಣಿಯೊಬ್ಬ ಕಟ್ಟಿಸಿದ್ದು. ಹೊಸ ದುಡ್ಡಿನವನು ಹಳೇ ಜಮೀನ್ದಾರನಂತೆ ಕಾಣಬೇಕಲ್ಲ, ತನ್ನ ಮುತ್ತಜ್ಜನ ಕಾಲಕ್ಕೂ ಹಿಂದಿನ ಶೈಲಿಯನ್ನು ಗೋಡೆಗೆ ಮೆತ್ತಿಸಿದ್ದ. ಮುಂದುಗಡೆ ಓಕ್ ಮರದ ಅಗಲ ಮೆಟ್ಟಿಲು, ಆಳೆತ್ತರದ ಕಿಟಕಿಗಳು. ಹಿಂದೆ, ದಪ್ಪ ಹಸಿರು ಬಟ್ಟೆ ಹೊಡೆದ ಬಾಗಿಲಿನಾಚೆ, ಆಳುಗಳಿಗೆಂದೇ ಕಡಿದಾದ ಬೇರೆ ಮೆಟ್ಟಿಲು. ಅಡಿಗೆಯ ವಾಸನೆಯಾಗಲಿ ಆಳಿನ ಮುಖವಾಗಲಿ ಧಣಿಯತ್ತ ಸುಳಿಯಬಾರದು. ಅವರು ಮಲಗುವ ಕೋಣೆಯ ಕಿಟಕಿಯನ್ನಂತೂ ತಲೆಗಿಂತ ಮೇಲೆ ಇಟ್ಟಿದ್ದರು. ತೋಟದಲ್ಲಿ ಅಡ್ಡಾಡುವ ದೊಡ್ಡವರನ್ನು ಅವರು ನೋಡಬಾರದು ಅಂತ. ಅಜ್ಜಿಯ ಮನೆಯಲ್ಲಿ ಕೆಲಸದವರಿಗಿದ್ದ ಹಿತ್ತಿಲ ಬಾಗಿಲು ನೆನಪಾಗಿ ಹಯಗ್ರೀವನಿಗೆ ಅಂದೇ ಹೇಸಿಗೆಯಾಗಿತ್ತು.

ಹಾಗಾಗಿ ಈ ಕಾಂಡೊದಲ್ಲಿ ಅವನದು ಒಂದೇ ಹಟ: ಕೆಲಸದವಳ ಕೋಣೆಗೆ ಸರಿಯಾದೊಂದು ಕಿಟಕಿ. ಆದರೆ ಅದೇ ಗೋಡೆಯ ಮೇಲೆ ಚಿಮಣಿ ಏರಬೇಕಿತ್ತು.

“ಫಸಾಡ್ ಹಾಳಾಗುತ್ತೆ ಕಣ್ರೀ, ಹೊರನೋಟವೇ ಕೆಡುತ್ತೆ. ಮೇಡ್‌ಗೆ ವ್ಯೂ ಯಾಕೆ?” ಎಂದ ಅವನ ಆಫೀಸಿನ ಮ್ಯಾನೇಜರ್ ರಘುನಾಥ್.

“ವ್ಯೂ ಅಲ್ಲ ಸರ್, ಗಾಳಿ. ಚಿಮಣಿ ಸ್ವಲ್ಪ ಶಿಫ್ಟ್ ಮಾಡಿ. ಇಲ್ದಿದ್ರೆ ನಾನು ಡ್ರಾಯಿಂಗ್‌ಗೆ ಸೈನ್ ಹಾಕಲ್ಲ.”

ಜಗ್ಗಾಟ ತಿಂಗಳುಗಟ್ಟಲೆ ನಡೆಯಿತು. ಬಡ್ತಿ ಕೈತಪ್ಪಿತು, ಕಿಟಕಿ ದಕ್ಕಿತು.

ಕಟ್ಟಡ ಎದ್ದು ನಿಂತಾಗ ಹೆಂಡತಿ ಅಲಮೇಲು ತನಗೆ ಅಲ್ಲೇ ಮನೆ ಬೇಕೆಂದು ಪಟ್ಟು ಹಿಡಿದಳು. ಆ ನಾಟಕದ ಸೆಟ್ಟಿನೊಳಗೆ ಸಂಸಾರ ಹೂಡುವುದೇ ಅವನಿಗೆ ಅಸಹ್ಯ. ಆದರೆ ಮನೆಗೆಲಸಕ್ಕೆ ಜಾವಾದಿಂದ ಬಂದಿದ್ದ ವರ್ತಿ, ಅವರಿದ್ದ ಚೋವಾ ಚು ಕಾಂಗ್ ಬಡಾವಣೆಯ ಫ್ಲ್ಯಾಟಿನಲ್ಲಿ ಅಡಿಗೆಮನೆಯ ನೆಲದ ಮೇಲೇ ಮಲಗುತ್ತಿದ್ದಳು. ಅವಳಿಗಾದರೂ ಕಿಟಕಿ ಸಿಗಲಿ ಎಂದು ಒಪ್ಪಿಕೊಂಡ.

ಗೃಹಪ್ರವೇಶದ ಬೆಳಿಗ್ಗೆ ನೋಡುತ್ತಾನೆ, ಆ ಕೋಣೆಯ ಬಾಗಿಲಿಗೆ ಮಾವಿನ ತೋರಣ. ಒಳಗೆ ಮಂಟಪ, ಸಾಲಿಗ್ರಾಮ, ಎಳೆಬಿಸಿಲು.

“ಪೂರ್ವಕ್ಕೆ ಕಿಟಕಿ ರೀ! ಇಂಥ ರೂಮ್‌ನ ಯಾರಾದ್ರೂ ಮೇಡ್‌ಗೆ ಕೊಡ್ತಾರಾ? ದೇವರ ಮನೆಗೆ ಹೇಳಿ ಮಾಡಿಸಿದ ಹಾಗಿದೆ,” ಎಂದು ಅಲಮೇಲು ಹಿಗ್ಗಿದಳು. ಬಂದ ಆಂಟಿಯರು ತಲೆದೂಗಿದರು.

“ವರ್ತಿ ಎಲ್ಲಿ ಮಲಗ್ತಾಳೆ?”

“ಶೆಲ್ಟರ್ ಇದೆಯಲ್ಲಾ!”

ಶೆಲ್ಟರ್ ಅಂದರೆ ಯುದ್ಧ ಬಂದರೆ ಅಡಗಲೆಂದು ಅಲ್ಲಿನ ಹೊಸ ಮನೆಗಳಲ್ಲಿ ಕಟ್ಟುವ ಕಾಂಕ್ರೀಟ್ ಗೂಡು. ಉಕ್ಕಿನ ಬಾಗಿಲು, ಕಿಟಕಿಯಿಲ್ಲ. ಪೂರ್ವದ ಬೆಳಕನ್ನು ನಮ್ಮವರು ಆಳಿಗೆ ಬಿಡುವುದುಂಟೇ? ಮೈಸೂರಿನಲ್ಲಿ ಹುಟ್ಟಿದ ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ಹಯಗ್ರೀವನಿಗೆ ತನ್ನ ಮೇಲೇ ಉಗಿಯುವಷ್ಟು ಸಿಟ್ಟು ಬಂತು.

ಶೆಲ್ಟರಿನೊಳಗೆ ವರ್ತಿ ಚಾಪೆ ಹಾಸುತ್ತಿದ್ದಳು. ಬಾಗಿಲಿನ ದಪ್ಪವನ್ನು ಮುಟ್ಟಿ ನೋಡಿ, ಒಳಗಿನಿಂದ ತೆರೆಯಲು ಬರುತ್ತದೆಯೇ ಎಂದು ತನ್ನ ತುಂಡು ಇಂಗ್ಲಿಷಿನಲ್ಲಿ ಕೇಳಿದಳು:

“ಸರ್, ಇನ್‌ಸೈಡ್ ಕ್ಯಾನ್ ಓಪನ್?”

ದೇವರ ಮನೆಯಲ್ಲಿ ಗಂಟೆ ಮೊಳಗಿತು. ಅಲಮೇಲು ಕರೆಯುತ್ತಿದ್ದಳು.

“ಕ್ಯಾನ್,” ಎಂದು ಹೇಳಿ ಹಯಗ್ರೀವ ಮಂಗಳಾರತಿಗೆ ಹೋದ.