ತಪ್ಪಾಯ್ತು ಎಂದು ಬರೆದ ಕಾಗದ

ಭೀಮನಬೀಡಿನ ಮಾದೇಶ್ ಗುಂಡ್ಲುಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತ. ಎದುರು ನಿಂತು ಯಾರಿಗೂ ಒಂದು ಗಡಸು ಮಾತಾಡಿದವನಲ್ಲ. ಅಂಥವನು ರಾಜಕಾರಣಿಗಳನ್ನು ಗೇಲಿ ಮಾಡುವ ಜಾಲತಾಣ ನಡೆಸುತ್ತಿದ್ದ ಅಂದರೆ ಯಾರು ನಂಬಬೇಕು? ಅದರ ಗುಟ್ಟೆಲ್ಲ ಅವನ ತಾಯಿ ಸುಂದ್ರಮ್ಮ. ಟಿವಿಯಲ್ಲಿ ಬಂದ ಭಾಷಣದ ಹತ್ತು ಸೆಕೆಂಡಿನ ತುಣುಕನ್ನು ಇವನು ಹಾಕುವುದು, ಅವರೆಕಾಯಿ ಸುಲಿಯುತ್ತಲೇ ಆಕೆ ಅದಕ್ಕೆ ಉತ್ತರ ಕೊಡುವುದು, ಅದನ್ನು ಇವನು ಫೋನಿನಲ್ಲಿ ಹಿಡಿದು ಜೋಡಿಸುವುದು, ಇಷ್ಟೇ. ಮನೆಮನೆಗೂ ನೀರು ಬಂತೆಂದು ಶಾಸಕರೊಬ್ಬರು ಎದೆ ತಟ್ಟಿಕೊಂಡಾಗ, "ಬಂದದೆ ಕಣಪ್ಪ, ನಮ್ ನಲ್ಲೀಲಿ ಗಾಳಿ ಬಂದದೆ, ನೀನೂ ಒಂದ್ ಕೊಡ ತುಂಬ್ಕೊಂಡ್ ಓಗು" ಎಂದಿದ್ದಳು. ಜಿಲ್ಲೆಯೇ ಬಿದ್ದು ಬಿದ್ದು ನಕ್ಕಿತ್ತು.

ಹೋದ ವರ್ಷ ಆಕೆ ತೀರಿಕೊಂಡಳು. ಫೋನು ತುಂಬಿದಾಗಲೆಲ್ಲ ಮಾದೇಶ್ ಹಳೆಯ ವಿಡಿಯೊಗಳನ್ನು ಅಳಿಸುತ್ತಿದ್ದ, ಜಾಲತಾಣದಲ್ಲಿ ಇದ್ದೇ ಇರುತ್ತವಲ್ಲ ಎಂದು. ಆಕೆಯ ದನಿ ಉಳಿದದ್ದು ಅಲ್ಲಿ ಮಾತ್ರ. ತಂದೆ ಮೂಗಯ್ಯನವರಿಗೆ ಸಂಜೆ ಊಟಕ್ಕೆ ಕೂತರೆ ಅದು ಬೇಕೇ ಬೇಕು. ಕೇಳುತ್ತ ಕೇಳುತ್ತ ಎರಡು ತುತ್ತು ಹೆಚ್ಚಿಗೆ ತಿನ್ನುತ್ತಿದ್ದರು.

ಒಂದು ದಿನ, ಆ ಭಾಷಣಗಳನ್ನು ತೋರಿಸಿದ್ದ ಟಿವಿ ವಾಹಿನಿಯ ನೋಟಿಸು ಬಂತು. ನಮ್ಮ ದೃಶ್ಯ ಕದ್ದಿದ್ದೀರಿ, ಹತ್ತು ದಿನದಲ್ಲಿ ಉತ್ತರ ಕೊಡಿ, ಇಲ್ಲದಿದ್ದರೆ ಜಾಲತಾಣವನ್ನೇ ತೆಗೆಸುತ್ತೇವೆ ಎಂದು. ಮಾದೇಶ್ ಅದನ್ನು ತಂದೆಗೆ ಓದಿ ಹೇಳಿದ. ಮೂಗಯ್ಯ ನಲವತ್ತು ವರ್ಷ ಊರ ನ್ಯಾಯದ ಕಟ್ಟೆಯಲ್ಲಿ ಕೂತವರು. ಅಲ್ಲಿ ಎಂಥ ಜಗಳವಾದರೂ ಒಬ್ಬ ಕೈಮುಗಿದು ತಪ್ಪಾಯ್ತು ಅಂದರೆ ಮುಗಿಯಿತು. ತಪ್ಪು ಮಾಡಿರಲಿ ಬಿಡಲಿ, ಅವನ ಮೇಲೆ ಮತ್ತೆ ಯಾರೂ ಮಾತೆತ್ತುವಂತಿಲ್ಲ.

"ದೊಡ್ಡೋರ್ ಜೊತೆ ನಮಗ್ಯಾಕ್ಲಾ? ತಪ್ಪಾಯ್ತು ಅಂತ ಬರ್ದ್‌ಬುಡು, ಸುಮ್ನಾಯ್ತಾರೆ" ಅಂದರು.

ಮಾದೇಶ್ ಹಾಗೇ ಬರೆದ. ವಾಹಿನಿಯವರು ಅದನ್ನು ಜಾಲತಾಣಕ್ಕೆ ಜಾಗ ಕೊಟ್ಟಿದ್ದ ಕಂಪನಿಗೆ ಕಳಿಸಿದರು. ಕಂಪನಿ ಆ ಕಾಗದವನ್ನೇ ತಪ್ಪೊಪ್ಪಿಗೆ ಎಂದು ಹಿಡಿದು, ಮೂರನೇ ದಿನಕ್ಕೆ ಎಲ್ಲವನ್ನೂ ಅಳಿಸಿ ಹಾಕಿತು.

ಮಾದೇಶ್ ಹುಡುಕಿಕೊಂಡು ಹೋದ ಚಾಮರಾಜನಗರದ ವಕೀಲ ಸುಧಾಕರ್ ಆ ಕಾಗದದ ನಕಲು ಓದಿ ಹಣೆ ಚಚ್ಚಿಕೊಂಡರು. ಟೀಕೆಗೆಂದು ಅಷ್ಟು ಚೂರು ಬಳಸಲು ಕಾನೂನಿನಲ್ಲಿ ಜಾಗವಿದೆಯಂತೆ, ನಿಂತು ವಾದಿಸಬಹುದಿತ್ತಂತೆ. "ತಪ್ಪು ಅಂತ ನೀವೇ ಬರ್ಕೊಟ್ಟ ಮೇಲೆ ನಾನೇನ್ ಮಾಡ್ಲಿ?" ಎಂದರು. ವಿಚಾರಿಸಿದರೆ ಕಂಪನಿಯವರು ಒಂದು ಪ್ರತಿಯನ್ನೂ ಉಳಿಸಿಕೊಂಡಿರಲಿಲ್ಲ. ಅಯ್ಯೋ, ಹತ್ತು ಸೆಕೆಂಡು ವಾಹಿನಿಯದು ಸರಿ, ಮಿಕ್ಕದ್ದೆಲ್ಲ ಸುಂದ್ರಮ್ಮನದಲ್ಲವೇ? ಅವಳ ಪರವಾಗಿ ನೋಟಿಸು ಕಳಿಸುವವರು ಯಾರಿದ್ದರು!

ಸಂಜೆ ಮೂಗಯ್ಯ ತಟ್ಟೆಯ ಮುಂದೆ ಕಾದು ಕೂತಿದ್ದರು. ಅವ್ವನ ಮಾತು ವಾಪಸ್ಸು ಕೊಟ್ಟರಾ ಎಂದು ಕೇಳಿದರು. ನೀನು ಹೇಳಿಕೊಟ್ಟ ಮಾತೇ ಅದನ್ನು ಅಳಿಸಿತು ಎಂದು ಹೆತ್ತ ತಂದೆಗೆ ಹೇಗೆ ಹೇಳುವುದು? ಇನ್ನೂ ಕೊಟ್ಟಿಲ್ಲ ಎಂದಷ್ಟೇ ಮಾದೇಶ್ ಅಂದ.

ಮೂಗಯ್ಯ ಕಲಸಿದ ಅನ್ನ ಬಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಇನ್ನೊಂದ್ ಕಿತ ಬರಿಲಾ. ಈ ಸಲ ನನ್ ಎಸ್ರೂ ಆಕು. ನಾನೂ ತಪ್ಪಾಯ್ತು ಅಂತೀನಿ."